ಹಿಮದಲ್ಲಿ ಕುಳಿತ ಕಾಗೆ

ಮಕ್ಕಳ ಪುಸ್ತಕದ ಮೇಲೆ ಸಿಟ್ಟಾಗುವ ವಯಸ್ಸು ನನ್ನದಲ್ಲ. ಆದರೂ ಆಗಿದ್ದೇನೆ. ನನ್ನ ಮಗಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕಾಗೆಗಳ ಬಗ್ಗೆ ಒಂದು ಸಚಿತ್ರ ಮಾಹಿತಿ ಪುಸ್ತಕ ಬಂದಿತ್ತು. ನುಣುಪು ಕಾಗದ, ಪುಟ ತುಂಬ ಬಣ್ಣ. ಅದರೊಳಗಿನ ಕಾಗೆಯೋ, ಶಾಯಿಯಲ್ಲಿ ಅದ್ದಿ ತೆಗೆದಷ್ಟು ಕಪ್ಪು. ನಮ್ಮ ಮನೆಕಾಗೆಯ ಕುತ್ತಿಗೆಯ ಬೂದಿ ಬಣ್ಣದ ಸುಳಿವೇ ಇಲ್ಲ. ಸಾಲದ್ದಕ್ಕೆ ಅದು ಹಿಮದ ಮೇಲೆ ಕುಳಿತಿದೆ. ಮಣಿಪಾಲದಲ್ಲಿ ಚಳಿ ಎಂದು ಸ್ವೆಟರ್ ಹಾಕುವವರನ್ನು ಕಂಡಿದ್ದೇನೆ, ಹಿಮವನ್ನು ಕಂಡಿಲ್ಲ.

ಒಂದು ಪುಟದಲ್ಲಿ ಉಪದೇಶವೂ ಇತ್ತು: ಕಾಗೆಯನ್ನು ನೋಡಬೇಕಾದರೆ ಹತ್ತಿರದ ಉದ್ಯಾನಕ್ಕೆ ಹೋಗಿ, ದುರ್ಬೀನು ಹಿಡಿದು, ಸದ್ದು ಮಾಡದೆ ಕಾಯಬೇಕಂತೆ! ಈ ಮಹಾಶಯರನ್ನು ಬೆಳಿಗ್ಗೆ ಕಾಪುವಿನ ಮೀನು ಮಾರುಕಟ್ಟೆಗೆ ಕರೆದೊಯ್ಯಬೇಕು. ಅಲ್ಲಿ ಕಾಗೆಯೇ ನಮ್ಮನ್ನು ನೋಡುತ್ತದೆ, ಮೊದಲು ಚೀಲವನ್ನು, ಆಮೇಲೆ ಮುಖವನ್ನು. ನಮ್ಮ ಕವಿಗಳೇನು ಕಡಿಮೆಯೇ? ವಸಂತವನ್ನೆಲ್ಲ ಕೋಗಿಲೆಗೆ ಬರೆದುಕೊಟ್ಟು, ಅದರ ಮೊಟ್ಟೆಗೆ ಕಾವು ಕೊಡುವ ಕೆಲಸವನ್ನು ಕಾಗೆಗೆ ಬಿಟ್ಟರು. ಆದರೆ ಅವರು ದುರ್ಬೀನು ತರಲು ಹೇಳಲಿಲ್ಲ.

ಮರುವಾರ ಉದ್ಯಾವರದಲ್ಲಿ ನನ್ನ ಸೋದರಮಾವನ ಮೊದಲ ವರ್ಷದ ಶ್ರಾದ್ಧ. ನೆಂಟರಿಗೆ ಓದಿ ಹೇಳಿ ನಗಿಸೋಣವೆಂದು ಪುಸ್ತಕವನ್ನೂ ಒಯ್ದೆ. ನಗುವ ಸಂದರ್ಭವೇ ಬರಲಿಲ್ಲ. ಅಂಗಳದಲ್ಲಿ ಬಾಳೆಲೆಯ ಮೇಲೆ ಅನ್ನ, ವಡೆ, ಬೆಲ್ಲದ ಹೂರಣ ತುಂಬಿ ಕರಿದ ಸುಕ್ರುಂಡೆ ಇಟ್ಟಾಯಿತು. ಕಾಗೆ ತೆಂಗಿನ ಗರಿಯಿಂದ ಇಳಿಯಲೊಲ್ಲದು. ಅದು ಮುಟ್ಟದೆ ನಮಗೆ ಊಟವಿಲ್ಲ.

ಕಾಗೆ ಬಾರದಿದ್ದರೆ ಸತ್ತವರಿಗೆ ಏನೋ ಅತೃಪ್ತಿ ಎಂದು ಲೆಕ್ಕ. ಒಬ್ಬೊಬ್ಬರೇ ಮರದತ್ತ ಕೈಮುಗಿದು ಮಾತು ಕೊಡತೊಡಗಿದರು.

"ಅಪ್ಪಾ, ಹಿತ್ತಿಲ ಜಾಗ ಮಾರುವುದಿಲ್ಲ, ಬನ್ನಿ" ಎಂದ ಹಿರಿಯ ಮಗ. ಕಾಗೆ ರೆಕ್ಕೆ ಕೆರೆದುಕೊಂಡಿತು. "ತಮ್ಮನ ಹತ್ತಿರ ಮಾತು ಬಿಟ್ಟದ್ದು ತಪ್ಪಾಯಿತು, ನಾಳೆಯೇ ಫೋನ್ ಮಾಡ್ತೇನೆ" ಎಂದಳು ಮಗಳು. ಬದುಕಿದ್ದಾಗ ಮಾವ ಕೇಳಿ ಕೇಳಿ ಸೋತದ್ದನ್ನೆಲ್ಲ ಹಸಿವು ಒಂದೇ ಮಧ್ಯಾಹ್ನದಲ್ಲಿ ಕೊಡಿಸುತ್ತಿತ್ತು. ನನಗೆ ಈ ಭಕ್ತಿಯ ಬಗ್ಗೆ ಎಳ್ಳಷ್ಟೂ ಗೌರವ ಹುಟ್ಟಲಿಲ್ಲ.

ಮಾವನ ಹೆಂಡತಿ, ನನ್ನ ಅತ್ತೆ, ಮಾತ್ರ ಯಾವ ಮಾತೂ ಕೊಡಲಿಲ್ಲ. ಎಲೆಯ ಪಕ್ಕದಲ್ಲೇ ನಿಂತು ಕಣ್ಣೊರೆಸಿಕೊಂಡರು. "ನನ್ನ ಮೇಲೆಯೇ ಕೋಪ ಅವರಿಗೆ. ಕೊನೆಗಾಲದಲ್ಲಿ ಎಷ್ಟು ಬೈದಿದ್ದೆ ಮಾರಾಯ. ಹಾಗೆಯೇ ಹೋದರು" ಎಂದರು. ಆಗ ನನಗೆ ಹಸಿವು ಮರೆತು ಸಂಕಟವಾಯಿತು. ಆ ಮಾತನ್ನು ನಂಬಿಕೊಂಡೇ ಅವರು ಉಳಿದ ದಿನ ಕಳೆಯುವುದು ನನಗೆ ಬೇಡವಾಗಿತ್ತು.

ಬೇರೇನೂ ತೋಚದೆ ಕೈಯಲ್ಲಿದ್ದ ದರಿದ್ರ ಪುಸ್ತಕ ಬಿಡಿಸಿದೆ. ತನ್ನನ್ನು ಓಡಿಸಿದವರ ಮುಖವನ್ನು ಕಾಗೆ ಮರೆಯುವುದಿಲ್ಲ ಎಂದಿತ್ತು ಒಂದು ಕಡೆ. ಅಂಗಳದಲ್ಲಿ ಹಪ್ಪಳ ಒಣಹಾಕಿ ಕೋಲು ಹಿಡಿದು ಕೂರುವ ಅತ್ತೆ ಕಣ್ಣ ಮುಂದೆ ಬಂದರು.

"ಅತ್ತೆ, ನೀವು ಸ್ವಲ್ಪ ಒಳಗೆ ಹೋಗಿ."

"ಎಂತಕ್ಕೆ?"

"ಹಪ್ಪಳ ಕಾಯುವುದು ನೀವಲ್ವಾ? ಕಾಗೆಗೆ ನಿಮ್ಮ ಗುರುತು ಉಂಟು."

ನೆಂಟರು ನನ್ನನ್ನು ನುಂಗುವಂತೆ ನೋಡಿದರು. ಅತ್ತೆ ಮನಸ್ಸಿಲ್ಲದ ಮನಸ್ಸಿನಿಂದ ಒಳಗೆ ಹೋದರು. ಬಾಗಿಲು ಮುಚ್ಚಿದ್ದೇ ತಡ, ಕಾಗೆ ಇಳಿಯಿತು. ಅನ್ನವನ್ನು ಮೂಸಿಯೂ ನೋಡದೆ ನೇರ ಸುಕ್ರುಂಡೆಗೆ ಕೊಕ್ಕು ಹಾಕಿ ಹಾರಿತು. ಹಿತ್ತಿಲು ಮಾರುವುದಿಲ್ಲವೆಂದು ಎಲ್ಲರೆದುರು ಒಪ್ಪಿಕೊಂಡಿದ್ದವನ ಮುಖ ಆಗ ನೋಡಬೇಕಿತ್ತು.

ಪುಸ್ತಕ ಗೆದ್ದಿತ್ತು. ಅತ್ತೆಗೆ ಕಾಗೆಯ ನೆನಪಿನ ಶಕ್ತಿಯನ್ನು ವಿವರಿಸಲು, ಆ ಪುಟವನ್ನೇ ಬೆರಳಿನಲ್ಲಿ ಹಿಡಿದು, ಒಳಗೆ ಹೋದೆ.

"ಎಂತ ತಿಂದದ್ದು?" ಎಂದು ಅವರೇ ಕೇಳಿದರು.

"ಸುಕ್ರುಂಡೆ."

ಅತ್ತೆ ಕಣ್ಣೀರಿನ ನಡುವೆಯೇ ನಕ್ಕುಬಿಟ್ಟರು.

"ಹಾಗಾದರೆ ಅವರೇ. ಸಕ್ಕರೆ ಕಾಯಿಲೆ ಬಂದ ಮೇಲೆ ಅವರೂ ಹೀಗೆಯೇ, ನಾನು ಒಳಗೆ ಹೋಗುವುದನ್ನೇ ಕಾಯುತ್ತಿದ್ದರು."

ನಾನು ಪುಸ್ತಕ ಮುಚ್ಚಿದೆ.