ಒಂದು ವ್ಯಾಟ್ ಸಾಕಾದ ಬಗೆ

ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಮತ್ತೆ ಗಿಟಾರ್ ಕೈಗೆತ್ತಿಕೊಂಡಾಗ ಮನೆಯಲ್ಲಿ ಯಾರೂ ಆಶ್ಚರ್ಯಪಡಲಿಲ್ಲ. ಅದೇ ನನಗೆ ಸ್ವಲ್ಪ ಬೇಸರ ತಂದಿತು. ನನ್ನ ಗಂಡ ಆಸ್ಪತ್ರೆಯಲ್ಲಿ ದಿನವಿಡೀ ಎಕ್ಸ್‌ರೇ ನೋಡುವ ವೈದ್ಯರು, ಮಾತು ಕಡಿಮೆ. “ಒಳ್ಳೇದು. ಸ್ಟೋರ್ ರೂಮ್ ಖಾಲಿ ಮಾಡ್ಕೊ” ಎಂದಷ್ಟೇ ಹೇಳಿದರು.

ಹುಡುಗಿಯಾಗಿದ್ದಾಗ ಮೈಸೂರಿನಲ್ಲಿ ವೀಣೆ ಕಲಿತವಳು ನಾನು. ಕಾಲೇಜಿಗೆ ಬಂದ ಮೇಲೆ ಗೆಳತಿಯೊಬ್ಬಳ ಗಿಟಾರ್ ಕೈಗೆ ಸಿಕ್ಕಿ ವೀಣೆ ಮೂಲೆ ಸೇರಿತು. ತಂತಿ ಎಳೆದು ಗಮಕ ಹಿಡಿಯುವ ಅಭ್ಯಾಸ ಮಾತ್ರ ಬೆರಳಿಗೆ ಅಂಟಿಕೊಂಡೇ ಉಳಿಯಿತು. ಮದುವೆಯಾಗಿ ನೈರೋಬಿಗೆ ಬಂದೆ. ಲ್ಯಾವಿಂಗ್ಟನ್ ಬಡಾವಣೆಯ ಒಂದು ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಭೌತಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಇಷ್ಟು ವರ್ಷ ತಲೆಯಲ್ಲೇ ಸುತ್ತುತ್ತಿದ್ದ ಕೆಲವು ರಾಗದ ತುಣುಕುಗಳನ್ನು ಮನೆಯಲ್ಲೇ ಕೂತು ರೆಕಾರ್ಡ್ ಮಾಡಿಡಬೇಕು, ಯಾರಿಗೂ ಕೇಳಿಸದಿದ್ದರೂ ಚಿಂತೆಯಿಲ್ಲ ಎನ್ನುವುದು ನನ್ನ ಆಸೆಯಾಗಿತ್ತು.

ಮುಥೈಗಾ ಬಡಾವಣೆಯಲ್ಲಿದ್ದ ಪರಿಚಯದ ಕುಟುಂಬವೊಂದು ದೇಶ ಬಿಟ್ಟು ಹೊರಟಾಗ ಅವರ ನಲವತ್ತು ವ್ಯಾಟ್‌ನ ಆಂಪ್ಲಿಫೈಯರ್ ನಮ್ಮ ಮನೆಗೆ ಬಂತು. ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್‌ಗಳ ಆಂಪ್ ಅದು. ವಾಲ್ವ್‌ಗೆ ಒಂದು ಗುಣವಿದೆ. ಅದನ್ನು ಸ್ವಲ್ಪ ದುಡಿಸಿದರೆ ಸ್ವರ ತುಂಬಿಕೊಂಡು ಬರುತ್ತದೆ, ನಿಧಾನವಾಗಿ ಆರುತ್ತದೆ. ನನ್ನ ಗಮಕಕ್ಕೆ ಬೇಕಾಗಿದ್ದುದು ಅದೇ. ಎಳೆದ ತಂತಿ ವಾಪಸ್ಸು ಬರುವಷ್ಟು ಹೊತ್ತಾದರೂ ಸ್ವರ ಬದುಕಿರಬೇಕಲ್ಲ. ಆದರೆ ನಲವತ್ತು ವ್ಯಾಟ್‌ನ ವಾಲ್ವ್ ದುಡಿಯತೊಡಗುವಷ್ಟರಲ್ಲಿ ಕಿಟಕಿಯ ಗಾಜು ಅದುರುತ್ತಿತ್ತು. ಸದ್ದು ಕಡಿಮೆ ಮಾಡಿದರೆ ಸ್ವರ ಒಣಗಿದ ರೊಟ್ಟಿಯ ಹಾಗೆ.

ನಮ್ಮದು ಮೂರು ಮಹಡಿಯ ಕಟ್ಟಡ. ನಮ್ಮ ಕೆಳಗಿನ ಮನೆಯಲ್ಲಿ ನಿವೃತ್ತರಾದ ಹಿರಿಯರೊಬ್ಬರು ಒಬ್ಬರೇ ಇದ್ದರು. ಇಲ್ಲಿ ವಯಸ್ಸಾದವರನ್ನು ಕರೆಯುವಂತೆ ನಾವೂ ಅವರನ್ನು ಮ್ಜೀ ಎನ್ನುತ್ತಿದ್ದೆವು. ಆರು ವರ್ಷದಲ್ಲಿ ಗೇಟಿನ ಹತ್ತಿರ ತಲೆಯಾಡಿಸಿದ್ದು ಬಿಟ್ಟರೆ ಹೆಚ್ಚಿನ ಮಾತಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಧೈರ್ಯಮಾಡಿ ಆಂಪ್‌ನ ಸದ್ದಿನ ಗುಂಡಿಯನ್ನು ಹತ್ತರಲ್ಲಿ ಮೂರರವರೆಗೆ ತಿರುಗಿಸಿದೆ. ನಾಲ್ಕು ನಿಮಿಷ ಸುಖವಾಗಿ ನುಡಿಸಿ, ಹೆದರಿಕೆಯಾಗಿ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಬೆಲ್ ಆಯಿತು. ಬಾಗಿಲಲ್ಲಿ ಮ್ಜೀ, ಕೈಯಲ್ಲಿ ಊರುಗೋಲು. ನಾನು ಬಾಯಲ್ಲಿ ಸಿದ್ಧವಾಗಿದ್ದ “ಪೋಲೆ ಸಾನಾ” ಎಂಬ ಕ್ಷಮೆಯನ್ನು ಮೊದಲೇ ಒಪ್ಪಿಸಿಬಿಟ್ಟೆ.

“ಮ್ವಾಲಿಮು, ಯಾಕೆ ನಿಲ್ಲಿಸಿದ್ರಿ?” ಎಂದರು ಅವರು.

ಮ್ವಾಲಿಮು ಎಂದರೆ ಮೇಷ್ಟ್ರು. ನಾವಿಬ್ಬರೂ ಸ್ವಾಹಿಲಿ ಬೆರೆಸಿದ ಇಂಗ್ಲಿಷಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ದೂರು ಹೇಳಲು ಬಂದಿದ್ದೇನೋ ನಿಜ, ಆದರೆ ಅವರ ದೂರು ಬೇರೆ. ಎರಡು ತಿಂಗಳಿಂದ ಕೇಳುತ್ತಿದ್ದಾರಂತೆ, ನಾನು ಪ್ರತಿ ಸಲವೂ ಸ್ವರ ಸರಿಯಾಗಿ ಕೂರುವ ಹೊತ್ತಿಗೆ ಆಫ್ ಮಾಡುತ್ತೇನಂತೆ. ಅವರು ವಾರವೆಲ್ಲ ಭೂಮಾಪನ ಕಚೇರಿಯಲ್ಲಿ ನಕ್ಷೆ ಬಿಡಿಸಿ, ವಾರಾಂತ್ಯದಲ್ಲಿ ಹೋಟೆಲ್ ಬ್ಯಾಂಡುಗಳಲ್ಲಿ ಗಿಟಾರ್ ನುಡಿಸಿದವರು ಎಂದು ಅವತ್ತೇ ನನಗೆ ಗೊತ್ತಾದದ್ದು. ಒಳಗೆ ಕರೆದು ಚಹಾ ಕೊಟ್ಟೆ. ಸ್ಟೋರ್ ರೂಮಿನಲ್ಲಿದ್ದ ಆಂಪ್ ನೋಡಿ ನಕ್ಕರು. “ಇದು ಮದುವೆ ಹಾಲ್‌ಗೆ. ಇಲ್ಲಿಗೆ ಚಿಕ್ಕದು ಬೇಕು, ತುಂಬಾ ಚಿಕ್ಕದು” ಎಂದರು.

ಮುಂದಿನ ಶನಿವಾರ ಮಟಾಟು ವ್ಯಾನ್ ಹಿಡಿದು ಇಬ್ಬರೂ ಪೇಟೆಗೆ ಹೋದೆವು. ರೇಡಿಯೋ, ಟಿವಿ, ಸ್ಪೀಕರ್‌ಗಳ ಬೀದಿಯಲ್ಲಿ, ದರ್ಜಿಗಳ ಅಂಗಡಿಯ ಪಕ್ಕ, ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಕೋಣೆ. ಅಲ್ಲಿ ಆಂಪ್ ಮಾರುವ, ರಿಪೇರಿ ಮಾಡುವ ನಲವತ್ತರ ಹೆಂಗಸೊಬ್ಬರು ಇದ್ದರು. ಆಕೆಯನ್ನು ಮ್ಜೀ ಫುಂಡಿ ಎಂದು ಕರೆದರು. ಕೈಕೆಲಸ ಬಲ್ಲವರಿಗೆ ಇಲ್ಲಿನ ಹೆಸರು ಅದು.

ಆಂಪ್ ಆರಿಸುವುದಕ್ಕೆ ಮ್ಜೀ ಹತ್ತಿರ ಒಂದು ಪರೀಕ್ಷೆ ಇತ್ತು. “ನೀವು ಮನಸ್ಸಿಗೆ ಹಿಡಿಸೋ ಹಾಗೆ ನುಡಿಸಿ. ಫುಂಡೀನೂ ನಾನೂ ಗೋಡೆ ಹತ್ತಿರ ಕೂತು ಮಾತಾಡ್ತಿರ್ತೀವಿ. ನಾನು ದನಿ ಏರಿಸಬೇಕಾಗಿ ಬಂತು ಅಂದ್ರೆ ಆ ಆಂಪ್ ನಿಮ್ಮ ಮನೆಗೆ ಬೇಡ.”

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಹೊಸದೊಂದು, ಹದಿನೈದು ವ್ಯಾಟ್‌ನದು. ಕೆನೆಬಣ್ಣದ ಬಟ್ಟೆ, ಹಿತ್ತಾಳೆಯ ಅಂಚು, ಗ್ಯಾರಂಟಿ ಚೀಟಿ. ಸ್ವರ ತುಂಬಿ ಬರುವ ಹೊತ್ತಿಗೆ ಮ್ಜೀ ದನಿ ಏರಿತ್ತು, ಅದು ನನಗೂ ಕೇಳಿಸಿತು. ಆದರೂ ಮನಸ್ಸು ಅದರ ಮೇಲೆ ಕೂತುಬಿಟ್ಟಿತ್ತು. ನಲವತ್ತೆಲ್ಲಿ, ಹದಿನೈದೆಲ್ಲಿ, ಸದ್ದು ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂದು ವಾದಿಸಿದೆ. ಫುಂಡಿ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ಮ್ಜೀ ಊರುಗೋಲಿನ ತುದಿ ನೋಡುತ್ತಿದ್ದರು. ಟ್ಯಾಕ್ಸಿಯಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ತಂದೆ.

ಅವತ್ತು ಸಂಜೆಯೇ ನನ್ನ ಗಂಡ ಓದುವ ಕನ್ನಡಕ ಹಾಕಿಕೊಂಡೇ ಸ್ಟೋರ್ ರೂಮಿನ ಬಾಗಿಲಿಗೆ ಬಂದರು. “ಇದು ಎಷ್ಟು ಕಡಿಮೆ ಆಯ್ತು?” ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯಲು ಕೇಳಿದ್ದು.

ಉತ್ತರ ಹೊಳೆದದ್ದು ಬುಧವಾರ, ತರಗತಿಯಲ್ಲಿ. ಶಬ್ದದ ಪಾಠ ನಡೆದಿತ್ತು. ಶಕ್ತಿಯನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ಮಾತ್ರ ನಮ್ಮ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ ಕೇಳುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದ ಕೈ ಅಲ್ಲೇ ನಿಂತಿತು. ಪ್ರತಿ ವರ್ಷ ಬರೆದ ಸಾಲು ಅದು. ನಲವತ್ತರಿಂದ ಹದಿನೈದಕ್ಕೆ ಬಂದರೆ ಕಿವಿಗೆ ಒಂದಿಷ್ಟು ವ್ಯತ್ಯಾಸ ಗೊತ್ತಾಗಬಹುದು, ಅಷ್ಟೇ. ಮಕ್ಕಳು ಕಾಯುತ್ತಿದ್ದರು. ನಾನು ಮಾಡಿದ ತಪ್ಪನ್ನೇ ಅವರಿಗೆ ಉದಾಹರಣೆಯಾಗಿ ಹೇಳಿದೆ. ಆ ತರಗತಿಗೆ ಡೆಸಿಬೆಲ್ ಅಷ್ಟು ಚೆನ್ನಾಗಿ ಅರ್ಥವಾದದ್ದು ಅದೇ ಮೊದಲು.

ಶನಿವಾರ ಆಂಪ್ ಎತ್ತಿಕೊಂಡು ಮತ್ತೆ ಮೆಟ್ಟಿಲು ಹತ್ತಿದೆ. ಮ್ಜೀ ಜೊತೆಗೆ ಬಂದಿದ್ದರು. ಅವತ್ತೇ ಹೇಳಬಹುದಿತ್ತಲ್ಲ ಎಂದು ಫುಂಡಿಯನ್ನು ಕೇಳಿದೆ.

“ನೀವು ಫಿಸಿಕ್ಸ್ ಟೀಚರ್ ಅಂತ ಮ್ಜೀ ಹೇಳಿದ್ರು” ಎಂದರು ಅವರು. “ನಿಮಗೆ ನಾನು ಹೇಳೋದಾ ಅಂತ ಸುಮ್ಮನಾದೆ.”

ಆಂಪ್ ಅನ್ನು ತಕರಾರಿಲ್ಲದೆ ವಾಪಸ್ಸು ತೆಗೆದುಕೊಂಡರು. ಐದು ವ್ಯಾಟ್‌ನದೊಂದನ್ನು ಹಚ್ಚಿ ನೋಡಿದೆವು. ಮ್ಜೀ ಆಗಲೂ ದನಿ ಏರಿಸಬೇಕಾಯಿತು. ಆಮೇಲೆ ಫುಂಡಿ ತಮ್ಮ ಮೇಜಿನ ಕೆಳಗಿಂದ ಹಳೆಯ ರೇಡಿಯೋ ಪೆಟ್ಟಿಗೆಯೊಂದನ್ನು ಎಳೆದರು. ಅದರೊಳಗೆ ಅವರೇ ಕಟ್ಟಿದ ಆಂಪ್ ಇತ್ತು, ಒಂದು ವ್ಯಾಟ್‌ನದು. ರಿಪೇರಿಗೆ ಬಂದ ಗಿಟಾರುಗಳನ್ನು ಪಕ್ಕದ ದರ್ಜಿಗಳಿಗೆ ತೊಂದರೆಯಾಗದಂತೆ ಪರೀಕ್ಷಿಸಲು ಮಾಡಿಕೊಂಡಿದ್ದಂತೆ.

ನಾನು ಗುಂಡಿಯನ್ನು ಅರ್ಧಕ್ಕಿಂತ ಮೇಲೆ ತಿರುಗಿಸಿ ಗಾಂಧಾರವನ್ನು ಎಳೆದು ಹಿಡಿದೆ. ಸ್ವರ ಏರಿತು, ನಿಂತಿತು, ಬಳುಕಿ ಇಳಿದು ಬಂತು, ಇಳಿದ ಮೇಲೂ ಇತ್ತು. ಮ್ಜೀ ಗೋಡೆಯ ಹತ್ತಿರ ನಮ್ಮ ಕಟ್ಟಡದ ನೀರಿನ ಟ್ಯಾಂಕಿನ ಸಮಸ್ಯೆಯನ್ನು ಫುಂಡಿಗೆ ವಿವರಿಸುತ್ತಿದ್ದರು. ದನಿ ಒಂದಿಷ್ಟೂ ಏರಲಿಲ್ಲ. ಸ್ವಲ್ಪ ಹೊತ್ತಿಗೆ ತಾವಾಗಿಯೇ ಮಾತು ನಿಲ್ಲಿಸಿ ಕೇಳುತ್ತಾ ಕೂತರು.

ಆ ಪೆಟ್ಟಿಗೆಯನ್ನು ಕೊಡಲು ಫುಂಡಿ ಒಪ್ಪಲಿಲ್ಲ, ಅಂಥದೇ ಇನ್ನೊಂದು ಕಟ್ಟಿಕೊಡಲು ಒಪ್ಪಿದರು. ಮರದ ಪೆಟ್ಟಿಗೆಯ ನಕ್ಷೆಯನ್ನು ಮ್ಜೀ ತಮ್ಮ ಹಳೆಯ ಸ್ಕೇಲು, ಪೆನ್ಸಿಲು ಹೊರತೆಗೆದು ಮೂರು ಹಾಳೆಗಳಲ್ಲಿ ಬಿಡಿಸಿದರು. ಬಡಗಿ ಅಷ್ಟು ಅಚ್ಚುಕಟ್ಟಾದ ನಕ್ಷೆಯನ್ನು ನೋಡಿರಲಿಲ್ಲವಂತೆ. ಎರಡು ಶನಿವಾರ ನಾನು ಫುಂಡಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಎರಡು ಬೆಸುಗೆ ನನ್ನ ಕೈಯಿಂದ ಹಾಕಿಸಿದರು, ಒಂದನ್ನು ಕಿತ್ತು ತಾವೇ ಮತ್ತೆ ಹಾಕಿದರು. ನಲವತ್ತು ವ್ಯಾಟ್‌ನದು ನಮ್ಮ ಶಾಲೆಯ ಸಂಗೀತದ ಕೋಣೆಗೆ ಹೋಯಿತು. ಅಲ್ಲಿ ಅದು ಸುಖವಾಗಿದೆ.

ಸ್ಟೋರ್ ರೂಮಿನ ಗೋಡೆಗೆ ಹಳೆಯ ರಜಾಯಿಗಳನ್ನು ನೇತುಹಾಕಿ, ಆಂಪ್‌ನ ಮುಂದೆ ಒಂದು ಗೇಣು ದೂರದಲ್ಲಿ ಮೈಕ್ ಇಟ್ಟು ರೆಕಾರ್ಡಿಂಗ್ ಶುರುಮಾಡಿದೆ. ಹೊಸ ತೊಂದರೆ ಆಗ ಗೊತ್ತಾಯಿತು. ಆಂಪ್‌ನ ಸದ್ದು ಇಷ್ಟು ಮೆತ್ತಗಿದ್ದರೆ ಮೈಕ್ ಬೇರೆ ಎಲ್ಲವನ್ನೂ ಹಿಡಿಯುತ್ತದೆ. ಚಾವಣಿಯ ಮೇಲೆ ಕಿರುಚುತ್ತಾ ಹಾರುವ ಹಡಾಡಾ ಹಕ್ಕಿಗಳು, ಗೇಟಿನ ಕಿರಕಿರ, ನಮ್ಮದೇ ಕುಕ್ಕರಿನ ಸೀಟಿ, ಎಲ್ಲ ನನ್ನ ಮೊದಲ ರೆಕಾರ್ಡಿಂಗ್‌ಗಳಲ್ಲಿವೆ. ಕೊನೆಗೆ ಭಾನುವಾರ ಮಧ್ಯಾಹ್ನ ಊಟವಾದ ಮೇಲಿನ ಎರಡು ಗಂಟೆ ಎಂದು ಗೊತ್ತುಮಾಡಿಕೊಂಡೆ. ಆಗ ಹಕ್ಕಿಗಳೂ ನನ್ನ ಗಂಡನೂ ನಿದ್ದೆ ಮಾಡುತ್ತಾರೆ.

ಮ್ಜೀ ಪ್ರತಿ ಭಾನುವಾರ ಬಂದು ಸ್ಟೋರ್ ರೂಮಿನಲ್ಲಿದ್ದ ಹಳೆಯ ಟ್ರಂಕಿನ ಮೇಲೆ ಕೂರುತ್ತಿದ್ದರು. ತಾವು ಮಾತ್ರ ಗಿಟಾರ್ ಮುಟ್ಟುತ್ತಿರಲಿಲ್ಲ. ನುಡಿಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅದರ ಹಿಂದೆ ಏನೋ ದುಃಖದ ಕತೆ ಇರಬೇಕೆಂದು ನಾನೇ ಊಹಿಸಿಕೊಂಡು ಕೇಳಲು ಹಿಂಜರಿದಿದ್ದೆ. ಮೂರನೆಯ ವಾರ ಕೇಳಿಯೇಬಿಟ್ಟೆ.

“ಕಾರಣ ಏನೂ ಇಲ್ಲ” ಎಂದರು. “ಒಂದು ಭಾನುವಾರ ನುಡಿಸಲಿಲ್ಲ. ಮುಂದಿನ ಭಾನುವಾರಾನೂ ನುಡಿಸಲಿಲ್ಲ. ಹಾಗೇ ಆಗ್ಹೋಯ್ತು.”

ನಾನು ಗಿಟಾರನ್ನು ಅವರ ತೊಡೆಯ ಮೇಲಿಟ್ಟೆ. ಶ್ರುತಿ ನೋಡಿಕೊಳ್ಳುವುದಕ್ಕೇ ತುಂಬ ಹೊತ್ತು ಹಿಡಿಯಿತು. ಆಮೇಲೆ ಹೆಬ್ಬೆರಳು, ತೋರುಬೆರಳು ಎರಡೇ ಬಳಸಿ, ತಿರುತಿರುಗಿ ಬರುವ ಸ್ವರಗಳ ಒಂದು ಚಿಕ್ಕ ಸುತ್ತು ನುಡಿಸಿದರು. ಎಡಗೈಯ ಉಂಗುರ ಬೆರಳು ಹಿಂದೆ ಬೀಳುತ್ತಿತ್ತು. ನಿಲ್ಲಿಸಿ, ಕೈ ಕೊಡವಿ, ಮತ್ತೆ ಅದೇ ಸುತ್ತು. ಐದಾರು ಸಲವಾದ ಮೇಲೆ ಅದು ನಡೆಯತೊಡಗಿತು, ಅವರ ಪಾದವೂ ನೆಲ ತಟ್ಟತೊಡಗಿತು. ನಾನು ರೆಕಾರ್ಡ್ ಒತ್ತಿದೆ.

ರೆಕಾರ್ಡ್ ಆದ ಅವರ ಸುತ್ತಿನ ಮೇಲೆ ನಾನು ನುಡಿಸಲು ಹೋದಾಗ ಸಣ್ಣ ಜಗಳವಾಯಿತು. “ನೀವು ಸ್ವರವನ್ನ ನೆಟ್ಟಗೆ ನಿಲ್ಲೋಕೆ ಯಾಕೆ ಬಿಡಲ್ಲ?” ಎಂದು ಕೇಳಿದರು. ನಮ್ಮ ಕಡೆ ಸ್ವರ ಸುಮ್ಮನೆ ನಿಂತರೆ ಬಡವಾಗಿ ಕಾಣುತ್ತದೆ ಎಂದೆ. ಅವರು ಯೋಚಿಸಿ, ಕುಣಿಯುವವರಿಗೆ ಕಾಲಿಡಲು ಜಾಗ ಬೇಕಲ್ಲ ಎಂದರು. ಅದೂ ನಿಜವೇ. ಗಮಕವಿದ್ದದ್ದನ್ನೂ ಇಲ್ಲದ್ದನ್ನೂ ಎರಡು ಸಲ ರೆಕಾರ್ಡ್ ಮಾಡಿದೆವು. ಯಾವುದನ್ನು ಅಳಿಸುವುದೆಂದು ಇನ್ನೂ ತೀರ್ಮಾನವಾಗಿಲ್ಲ.

ಯೂನಿವರ್ಸಿಟಿಯಲ್ಲಿ ಓದುವ ನನ್ನ ಮಗಳು ಹೆಡ್‌ಫೋನ್ ಹಾಕಿಕೊಂಡು ಎರಡನ್ನೂ ಕೇಳಿದಳು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲೇ. ಎರಡನೇ ಗಿಟಾರ್ ಯಾರದು ಎಂದು ಕೇಳಿದಳು. ಕೆಳಗಿನ ಮನೆ ಮ್ಜೀದು ಎಂದೆ. “ಅಮ್ಮಾ, ಯೂ ಟೂ ಸೌಂಡ್ ಹ್ಯಾಪಿ” ಎಂದು ಹೇಳಿ, ಫೈಲನ್ನು ತನ್ನ ಫೋನಿಗೆ ಹಾಕಿಸಿಕೊಂಡು ಹೋದಳು.

ಡಿಸೆಂಬರಿನಲ್ಲಿ ನಮ್ಮ ಕಟ್ಟಡದವರೆಲ್ಲ ಸೇರಿ ಅಂಗಳದ ಹುಲ್ಲಿನ ಮೇಲೆ ಊಟ ಇಟ್ಟುಕೊಂಡಿದ್ದೆವು. ಪಿಲಾವ್, ಚಪಾತಿ, ಸುಕುಮಾ ಸೊಪ್ಪಿನ ಪಲ್ಯ, ನನ್ನ ಚಿತ್ರಾನ್ನ. ನಮ್ಮಿಬ್ಬರನ್ನೂ ನುಡಿಸಲು ಕೇಳಿದ್ದರು, ಮ್ಜೀಗೆಂದು ಶಾಲೆಯ ಸಂಗೀತದ ಕೋಣೆಯಿಂದ ಇನ್ನೊಂದು ಗಿಟಾರ್ ತಂದಿದ್ದೆ. ಬಯಲಿನಲ್ಲಿ ಒಂದು ವ್ಯಾಟ್ ಯಾವ ಮೂಲೆಗೆ? ಮೂರನೆಯ ಸಾಲಿನವರಿಗೆ ಕೇಳಿಸಲಿಲ್ಲ. ಯಾರೋ ದೊಡ್ಡ ಸ್ಪೀಕರ್ ತರುತ್ತೇನೆಂದು ಎದ್ದರು. ಮ್ಜೀ ಬೇಡವೆಂದು ಕೈಯಾಡಿಸಿ, “ನೀವೇ ಹತ್ತಿರ ಬನ್ನಿ” ಎಂದರು. ಜನ ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಬಂದು ಸುತ್ತಲೂ ಕೂತರು. ಮಕ್ಕಳು ಪೆಟ್ಟಿಗೆಗೆ ಕಿವಿಯಿಡುವಷ್ಟು ಹತ್ತಿರ, ಹುಲ್ಲಿನ ಮೇಲೆ. ನಾವು ನಾಲ್ಕು ತುಣುಕು ನುಡಿಸಿದೆವು. ಎರಡನೆಯದು ಮುಗಿಯುವ ಹೊತ್ತಿಗೆ ಬಡಿಸಲು ನಿಂತಿದ್ದವರೂ ಸೌಟು ಕೈಯಲ್ಲಿ ಹಿಡಿದೇ ಬಂದು ನಿಂತಿದ್ದರು. ಪಿಲಾವ್ ಆರಿಹೋಯಿತು.