ಕುಂಕುಮ ಹಚ್ಚಿಸಿಕೊಂಡ ಆದಿಹಕ್ಕಿ

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮೈಸೂರಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ನಾನು ಡೆಮಾನ್‌ಸ್ಟ್ರೇಟರ್. ಅಂದರೆ ಪ್ರೊಫೆಸರರು ಪಾಠ ಹೇಳಿದ ಮೇಲೆ ಲ್ಯಾಬಿನಲ್ಲಿ ಕಪ್ಪೆ ಕೊಯ್ದು ತೋರಿಸುವವನು. ಕೆಲಸ ಹಂಗಾಮಿ. ನನ್ನಲ್ಲಿ ಖಾಯಂ ಆಗಿದ್ದ ವಿದ್ಯೆ ಒಂದೇ, ಅಣಕು. ಪ್ರಿನ್ಸಿಪಾಲರ ಕೆಮ್ಮು, ಮಂಡಿ ಮೊಹಲ್ಲಾದಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟಿದ್ದ ನಮ್ಮಪ್ಪನ ಸೀನು, ಎಲ್ಲವೂ ಗಂಟಲಲ್ಲಿ ಸಿದ್ಧ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ನಮ್ಮ ಪ್ರೊಫೆಸರ್ ನಂಜುಂಡಪ್ಪನವರ ದನಿ.

ವಿಭಾಗದ ಹೆಮ್ಮೆಯೆಂದರೆ ಒಂದು ಪ್ಲಾಸ್ಟರ್ ಅಚ್ಚು. ಜರ್ಮನಿಯ ಸುಣ್ಣಕಲ್ಲಿನಲ್ಲಿ ಸಿಕ್ಕ ಆರ್ಕಿಯಾಪ್ಟರಿಕ್ಸ್ ಎಂಬ ಆದಿಹಕ್ಕಿಯ ಪಳೆಯುಳಿಕೆಯ ಪ್ರತಿ ಅದು. ಸುಮಾರು ಹದಿನೈದು ಕೋಟಿ ವರ್ಷ ಹಿಂದಿನ ಜೀವಿ. ಬಾಯಲ್ಲಿ ಹಲ್ಲು, ಹಿಂದೆ ಮೂಳೆಯ ಉದ್ದ ಬಾಲ, ರೆಕ್ಕೆಯಲ್ಲಿ ಉಗುರು. ಇಷ್ಟಾದರೂ ಮೈಮೇಲೆ ಗರಿ! ಹಕ್ಕಿಗಳು ಸರೀಸೃಪಗಳಿಂದ ಬಂದವು ಎನ್ನುವುದಕ್ಕೆ ಸಾಕ್ಷಿ. ಪ್ರೊಫೆಸರರು ಈ ಪಾಠವನ್ನು ಇಂಗ್ಲಿಷಿನಲ್ಲಿ ಆರಂಭಿಸಿ, ಉತ್ಸಾಹ ಏರಿದಂತೆ ಕನ್ನಡಕ್ಕೆ ಇಳಿದು, ಒಂದು ಚಿಟಿಕೆ ನಶ್ಯ ಏರಿಸಿ, "ನೋಡಯ್ಯಾ, ಇದು ಪೂರ್ತಿ ಹಲ್ಲೀನೂ ಅಲ್ಲ, ಪೂರ್ತಿ ಹಕ್ಕೀನೂ ಅಲ್ಲ. ಹೊಸಲ ಮೇಲೆ ನಿಂತ್ಬುಟ್ಟಿದೆ!" ಎನ್ನುತ್ತಿದ್ದರು.

ಆ ವರ್ಷ ದಸರಾ ರಜೆ ಮುಗಿದ ಮೊದಲ ದಿನವೇ ಇನ್‌ಸ್ಪೆಕ್ಷನ್ ಕಮಿಟಿ ಬರುವುದಿತ್ತು. ಅವರು ಒಪ್ಪಿದರೆ ನಮ್ಮ ಡಿಗ್ರಿ ಕ್ಲಾಸು ಉಳಿಯುತ್ತದೆ, ನನ್ನ ಕೆಲಸ ಖಾಯಮ್ಮಾಗುತ್ತದೆ. ಒಪ್ಪದಿದ್ದರೆ ಎರಡೂ ಹೋಗುತ್ತವೆ. ಅಪ್ಪ ಆಗಲೇ, "ಕಪ್ಪೆ ಕುಯ್ದಿದ್ದು ಸಾಕು ಬಾರ್ಲಾ, ತಕ್ಕಡಿ ಹಿಡಿ" ಎಂದು ನನ್ನ ದಾರಿ ಕಾಯುತ್ತಿದ್ದರು.

ಬೆಳಿಗ್ಗೆ ಲ್ಯಾಬಿಗೆ ಹೋಗಿ ನೋಡಿದರೆ ಆದಿಹಕ್ಕಿಯ ಕತ್ತಿನಿಂದ ಎದೆಯವರೆಗೆ ಕೆಂಪೋ ಕೆಂಪು. ಥೇಟ್ ಆಗತಾನೆ ಕೊಯ್ದ ಕೋಳಿ. ಅಟೆಂಡರ್ ಮಾದಯ್ಯ ಒದ್ದೆ ಬಟ್ಟೆ ಹಿಡಿದು ನಿಂತಿದ್ದ.

"ಏನ್ ಮಾಡ್ಬುಟ್ಟೆ ಮಾದಯ್ಯ?"

"ಆಯುಧಪೂಜೇಲಿ ಮೈಕ್ರೋಸ್ಕೋಪಿಗೆಲ್ಲ ಕುಂಕುಮ ಇಕ್ದೆ ಸಾ. ಇದಕ್ಕೊಂದಕ್ಕೆ ಬುಟ್ಬುಟ್ರೆ ಬೇಜಾರ್ ಮಾಡ್ಕಳಕಿಲ್ವಾ? ಈಗ ಒರಸಕ್ಕೋದ್ರೆ ಅಳ್ಳಾಡ್ದೆ ಕುಂತದೆ."

ಪ್ಲಾಸ್ಟರು ಕುಂಕುಮವನ್ನು ಕುಡಿದಿತ್ತು. ನೀರು ಸೋಕಿದ ಮೇಲೆ ಅದು ಇನ್ನಷ್ಟು ಹರಡಿತ್ತು.

ಅಷ್ಟರಲ್ಲಿ ಪ್ರೊಫೆಸರರು ಬಂದರು. ಬಾಯಿ ತೆರೆದರೆ ಬರೀ ಗಾಳಿ. ದಸರಾ ಕುಸ್ತಿಯಲ್ಲಿ ತಮ್ಮ ಮೆಚ್ಚಿನ ಪೈಲ್ವಾನನಿಗೆ ಪಟ್ಟು ಹೇಳಿಕೊಡಲು ಕೂಗಿ ಕೂಗಿ ಗಂಟಲು ಕಟ್ಟಿತ್ತು. ಕೆಂಪು ಹಕ್ಕಿಯನ್ನು ನೋಡಿದರು, ನನ್ನನ್ನು ನೋಡಿದರು, ಪಿಸುಗುಟ್ಟಿದರು: "ನೀನೇ ಪಾಠ ಮಾಡಯ್ಯಾ."

ಹತ್ತು ಗಂಟೆಗೆ ಕಮಿಟಿ ಹಿಂದಿನ ಬೆಂಚಿನಲ್ಲಿ ಕೂತಿತು. ಅಧ್ಯಕ್ಷರು ನಗು ಎಂಬುದನ್ನೇ ಕಾಣದ ಮುಖದ ಹಿರಿಯರು. ಪಕ್ಕದಲ್ಲೇ ಪ್ರೊಫೆಸರರು. ನಾನು ನನ್ನ ಸ್ವಂತ ದನಿಯಲ್ಲಿ ಎರಡು ವಾಕ್ಯ ಹೇಳಿದೆ. ಮೂರನೆಯದು ಬರಲಿಲ್ಲ. ಯಾಕೆಂದರೆ ಆ ಪಾಠವನ್ನು ನಾನು ಪಾಠವಾಗಿ ಕಲಿತವನೇ ಅಲ್ಲ, ಅಣಕವಾಗಿ ಕಲಿತವನು. ದನಿಯಿಲ್ಲದೆ ವಿಷಯ ಹೊರಡಲೊಲ್ಲದು. ಬೇರೆ ದಾರಿ ಕಾಣದೆ ಗಂಟಲು ದಪ್ಪ ಮಾಡಿ, "ನೋಡಯ್ಯಾ..." ಎಂದೆ. ಹಲ್ಲು, ಬಾಲ, ಉಗುರು, ಗರಿ, ಎಲ್ಲವೂ ದಡದಡನೆ ಬಂದವು. ಇಲ್ಲದ ನಶ್ಯವನ್ನು ಕೈ ತಾನಾಗಿ ಮೂಗಿಗೇರಿಸಿತು. ಹುಡುಗರು ಕರವಸ್ತ್ರ ಕಚ್ಚಿಕೊಂಡರು. ಪ್ರೊಫೆಸರರು ತಮ್ಮ ನಶ್ಯದ ಡಬ್ಬಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

ಅಧ್ಯಕ್ಷರು ಎದ್ದು ಬಂದು ಕೋಲಿನಿಂದ ತೋರಿಸಿದರು. "ಈ ಕೆಂಪು ಏನ್ರೀ?"

ಗಂಟಲು ದಪ್ಪ ಮಾಡಿದೆ. ಏನೂ ಬರಲಿಲ್ಲ. ಈ ಪ್ರಶ್ನೆಗೆ ಪ್ರೊಫೆಸರರ ಪಾಠದಲ್ಲಿ ಉತ್ತರವಿರಲಿಲ್ಲ. ಕೊನೆಗೆ ನನ್ನ ಕೀರಲು ದನಿಯೇ ಹೊರಬಂತು.

"ಆಯುಧಪೂಜೆ ಕುಂಕುಮ ಸಾರ್. ಗರಿ ಇತ್ತು ಅಂತ ಕಲ್ಲು ಹೇಳುತ್ತೆ, ಬಣ್ಣ ಯಾವುದಿತ್ತು ಅಂತ ಹೇಳಲ್ಲ. ಕೆಂಪೊಂದು ಮಾತ್ರ ಮೈಸೂರಿಂದು, ಮಿಕ್ಕಿದ್ದೆಲ್ಲ ಜರ್ಮನೀದು."

"ಮತ್ತೆ ಆ ದನಿ?"

"ಅದು... ನಮ್ಮ ಪ್ರೊಫೆಸರರದು ಸಾರ್."

ಅಧ್ಯಕ್ಷರ ಮುಖದಲ್ಲಿ ಏನೋ ಬಿರುಕು ಬಿಟ್ಟಿತು. ಅದು ನಗುವೆಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು. "ಯಾವುದು ಗರಿ, ಯಾವುದು ಕುಂಕುಮ ಅಂತ ಬಿಡಿಸಿ ಹೇಳ್ತಾನಲ್ರೀ! ಕ್ಲಾಸು ನಡೀಲಿ ಬಿಡಿ," ಎಂದು ಪ್ರೊಫೆಸರರ ಕೈ ಕುಲುಕಿದರು.

ಅವರು ಹೋದ ಮೇಲೆ ಪ್ರೊಫೆಸರರು ನನ್ನ ಕಿವಿಯನ್ನೇ ಹಿಡಿದು ಹತ್ತಿರ ಎಳೆದುಕೊಂಡರು. "ಹಲ್ಲು ನಂದು, ಬಾಲಾನೂ ನಂದು," ಎಂದು ಪಿಸುಗುಟ್ಟಿದರು. "ಕೊನೇಲಿ ಬಂತಲ್ಲ, ಆ ಒಂದು ಗರಿ ಮಾತ್ರ ನಿಂದು ಕಣಯ್ಯಾ. ಬೆಳೆಸ್ಕೋ."

ಕೆಲಸ ಖಾಯಮ್ಮಾಯಿತು. ಮೇಷ್ಟರ ವೃತ್ತಿಯಲ್ಲಿ ಯಾರೂ ಪೂರ್ತಿ ತಾವಾಗಿ ಆರಂಭಿಸುವುದಿಲ್ಲ. ಪಾಠದಲ್ಲಿಲ್ಲದ ಪ್ರಶ್ನೆ ಎದುರಾದ ದಿನ ಮಾತ್ರ ನಮ್ಮ ಗರಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಇದಿಷ್ಟು ನಾನು ಕಲಿತದ್ದು. ಈಗ ಹುಡುಗರು ವರಾಂಡದಲ್ಲಿ ನನ್ನನ್ನೇ ಅಣಕಿಸುತ್ತಾರೆ. ಮೊನ್ನೆ ಒಬ್ಬ ಹಾಗೆ ಅಣಕಿಸುವುದನ್ನು ಕಂಬದ ಮರೆಯಲ್ಲಿ ನಿಂತು ನೋಡಿದೆ. ನಾನು ಜನ್ಮದಲ್ಲಿ ನಶ್ಯ ಮುಟ್ಟಿದವನಲ್ಲ. ಆ ಪಾಪಿ ಮಾತ್ರ "ನೋಡಯ್ಯಾ" ಎನ್ನುವ ಮೊದಲು ಒಂದು ಚಿಟಿಕೆ ಏರಿಸಿಯೇ ಏರಿಸಿದ.