ಡ್ರೈವ್‌ವೇಗೆ ಕಪ್ಪು ಬಳಿಯುವ ಮೊದಲು

ಅಮೆರಿಕದ ರಾಕ್‌ವಿಲ್‌ನಲ್ಲಿ ನಾವು ಕೊಂಡ ಮನೆ ವಯಸ್ಸಿನಲ್ಲಿ ನನಗಿಂತ ದೊಡ್ಡದು. ಹಿಂದಿನವರು ಒಳಗೆಲ್ಲ ಚೆನ್ನಾಗಿಯೇ ಇಟ್ಟುಕೊಂಡಿದ್ದರು. ರಸ್ತೆಯಿಂದ ಗರಾಜಿನವರೆಗೆ ಏರಿ ಬರುವ ಡಾಂಬರಿನ ಡ್ರೈವ್‌ವೇಯನ್ನು ಮಾತ್ರ ಯಾರೂ ವಿಚಾರಿಸಿಕೊಂಡಂತಿರಲಿಲ್ಲ. ಅದು ಬೂದಿ ಬಣ್ಣಕ್ಕೆ ತಿರುಗಿತ್ತು, ಅಲ್ಲಲ್ಲಿ ಬಿರುಕು ಬಿಟ್ಟಿತ್ತು, ಬಿರುಕುಗಳಲ್ಲಿ ಹುಲ್ಲು ಎದ್ದಿತ್ತು.

ಕೋವಿಡ್‌ನ ಎರಡನೆಯ ವರ್ಷ ಆ ಮನೆಗೆ ಬಂದೆವು. ಮೊದಲ ಚಳಿಗಾಲ ಕಳೆದ ಮೇಲೆ ಪಕ್ಕದ ಮನೆಯ ಡಾಕ್ಟರ್ ಅಂಕಲ್ ತಮ್ಮ ಡ್ರೈವ್‌ವೇಗೆ ಸೀಲ್ ಕೋಟ್ ಮಾಡಿಸಿದರು. ಸೀಲ್ ಕೋಟ್ ಎಂದರೆ ಹಳೆಯ ಡಾಂಬರಿನ ಮೇಲೆ ಹಚ್ಚುವ ತೆಳುವಾದ ಕಪ್ಪು ಲೇಪ. ಅಂಕಲ್ ದಾವಣಗೆರೆಯವರು, ಹೃದಯದ ಡಾಕ್ಟರಾಗಿ ಈ ದೇಶದಲ್ಲೇ ದುಡಿದು ನಿವೃತ್ತರಾದವರು. ಅವರ ಡ್ರೈವ್‌ವೇ ಹೊಸ ಸ್ಲೇಟಿನ ಹಾಗೆ ಮಿನುಗುತ್ತಿದ್ದರೆ, ನಮ್ಮದು ಅದರ ಪಕ್ಕದಲ್ಲಿ ಮುಖ ತೊಳೆಯದ ಮಗುವಿನ ಹಾಗೆ ಕಾಣುತ್ತಿತ್ತು. ನನ್ನ ಗಂಡನಿಗೆ ಅದು ತಡೆಯಲಾಗಲಿಲ್ಲ. ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದ ಅವನು ಮೀಟಿಂಗುಗಳ ನಡುವೆ ಕಿಟಕಿಯ ಬಳಿ ನಿಂತು ಅದನ್ನೇ ನೋಡುತ್ತಿದ್ದ.

ಒಂದು ಶನಿವಾರ ಬೆಳಿಗ್ಗೆ ಟ್ರಕ್ಕೊಂದು ನಮ್ಮ ಮನೆಯ ಮುಂದೆ ನಿಂತಿತು. ಅದರಿಂದ ಇಳಿದವನು ಹಿಂದಿನ ಬೀದಿಯಲ್ಲಿ ಸೀಲ್ ಕೋಟ್ ಕೆಲಸ ಮುಗಿಸಿ ಬರುತ್ತಿದ್ದೇನೆ, ಸಾಮಾನು ಮಿಕ್ಕಿದೆ, ಇವತ್ತೇ ಆದರೆ ಕಡಿಮೆ ದರಕ್ಕೆ ಮಾಡಿಕೊಡುತ್ತೇನೆ ಎಂದ. ನನ್ನ ಗಂಡ ಆಗಲೇ ತಲೆಯಾಡಿಸುತ್ತಿದ್ದ. ನಾನು ಅಡುಗೆಮನೆಯ ಡ್ರಾಯರಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಹೊರಗೆ ಬಂದೆ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ಮದುವೆಗೆ ಮುಂಚೆ ನಾನು ಮೈಸೂರಿನ ಒಂದು ಲ್ಯಾಬಿನಲ್ಲಿ ಆರು ವರ್ಷ ರಸ್ತೆಗೆ ಹಾಕುವ ಸಾಮಗ್ರಿಗಳನ್ನು ಪರೀಕ್ಷೆ ಮಾಡುತ್ತಿದ್ದೆ. ಡಾಂಬರಿಗೆ ಸೂಜಿ ಇಳಿಸಿ ಅದು ಎಷ್ಟು ಗಟ್ಟಿ ಎಂದು ನೋಡುವುದು, ಎಳೆದು ಎಷ್ಟು ದೂರಕ್ಕೆ ತುಂಡಾಗುತ್ತದೆ ಎಂದು ಅಳೆಯುವುದು, ಜಲ್ಲಿಯನ್ನು ಜರಡಿ ಹಿಡಿಯುವುದು. ಸಂಜೆ ಮನೆಗೆ ಹೋದರೆ ಕೂದಲಿನಲ್ಲೂ ಡಾಂಬರಿನ ವಾಸನೆ. ಅಮೆರಿಕಕ್ಕೆ ಗಂಡನ ವೀಸಾದ ಮೇಲೆ ಬಂದಾಗ ಕೆಲಸ ಮಾಡುವ ಅನುಮತಿ ಇರಲಿಲ್ಲ. ಆಮೇಲೆ ಅನುಮತಿಯ ಕಾರ್ಡು ಬಂತು, ಆದರೆ ಅಷ್ಟರಲ್ಲಿ ಧೈರ್ಯ ಹೋಗಿತ್ತು. ಮೂರು ವರ್ಷ ಆ ಕಾರ್ಡನ್ನು ಪಾಸ್‌ಪೋರ್ಟಿನ ಕವರಿನಲ್ಲೇ ಇಟ್ಟಿದ್ದೆ.

ಟ್ರಕ್ಕಿನವನ ಎದುರು ಮಂಡಿಯೂರಿ ಕೂತು, ಗರಾಜಿನ ಮೂಲೆಯ ಅಗಲವಾದ ಬಿರುಕಿಗೆ ಸ್ಕ್ರೂಡ್ರೈವರ್ ಇಳಿಸಿದೆ. ಅದು ಹಿಡಿಯವರೆಗೂ ಸಲೀಸಾಗಿ ಒಳಗೆ ಹೋಯಿತು. ಬಿರುಕು ತುಂಬುತ್ತೀಯಾ ಎಂದು ಕೇಳಿದೆ. ಸೀಲರ್ ಹಚ್ಚಿದರೆ ತಾನಾಗಿಯೇ ತುಂಬುತ್ತದೆ ಎಂದ. ಸೀಲರಿನಲ್ಲಿ ಏನಿದೆ, ಕಲ್ಲಿದ್ದಲಿನ ಟಾರ್ ಇದೆಯಾ, ಅದು ವಿಷವೆಂದು ನಮ್ಮ ಕೌಂಟಿ ಸರ್ಕಾರ ನಿಷೇಧಿಸಿದೆ ಎಂದೆ. ಅವನು ನನ್ನ ಪ್ರಶ್ನೆಗಳಿಗೆಲ್ಲ ನನ್ನ ಗಂಡನ ಮುಖ ನೋಡುತ್ತಾ ಉತ್ತರ ಕೊಡುತ್ತಿದ್ದ. ಡಬ್ಬದ ಮೇಲಿನ ಚೀಟಿ ತೋರಿಸು ಎಂದಾಗ ಅವನಿಗೆ ಬೇರೆ ಕಡೆ ಕೆಲಸವಿರುವುದು ನೆನಪಾಯಿತು.

ಟ್ರಕ್ಕು ಹೋದ ಮೇಲೆ ಗಂಡನಿಗೆ ಸಿಟ್ಟು ಬಂತು.

"ಅವನೆದುರು ನೆಲದ ಮೇಲೆ ಕೂತು ಚುಚ್ಚೋದೆಲ್ಲ ಬೇಕಿತ್ತಾ? ಒಂದು ಡ್ರೈವ್‌ವೇಗೆ ಇಷ್ಟೊಂದು ಇನ್‌ಸ್ಪೆಕ್ಷನ್ನಾ?"

"ಬೇಕಿತ್ತು. ಕೆಳಗಡೆ ಟೊಳ್ಳಾಗಿದೆ ರೀ. ಮೇಲೆ ಕಪ್ಪು ಬಳಿದ್ರೆ ಟೊಳ್ಳು ಕಾಣಿಸಲ್ಲ, ಅಷ್ಟೇ."

"ನೀನು ಆ ಕೆಲಸ ಬಿಟ್ಟು ಎಂಟು ವರ್ಷ ಆಯ್ತು."

"ಎಂಟು ವರ್ಷದಲ್ಲಿ ಡಾಂಬರು ಬದಲಾಗಿಲ್ಲ."

ಅವನು ಒಳಗೆ ಹೋದ. ಅವನ ಮಾತು ನನಗೆ ಚುಚ್ಚಿತ್ತು, ನಿಜ. ಆದರೆ ನನ್ನ ಬಾಯಿಂದ ಬಂದ ಉತ್ತರ ಅದಕ್ಕಿಂತ ಹೆಚ್ಚು ಬೆರಗು ತಂದಿತ್ತು. ಅಷ್ಟು ಖಚಿತವಾಗಿ ನಾನು ಯಾವುದರ ಬಗ್ಗೆಯೂ ಮಾತಾಡದೆ ಬಹಳ ಕಾಲವಾಗಿತ್ತು.

ಆಗ ಅತ್ತೆ ಆರು ತಿಂಗಳಿಗೆಂದು ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದರು. ಜಗಳದಲ್ಲಿ ಅವರು ಯಾರ ಪರವೂ ಮಾತಾಡಲಿಲ್ಲ. ಮುಂದಿನ ವಾರ ಜೋರು ಮಳೆ ಬಂದಾಗ ನಾನು ಕೊಡೆ ಹಿಡಿದು ಹೊರಗೆ ಹೊರಟೆ. ಅತ್ತೆಯೂ ಮಗನ ಜಾಕೆಟ್ ಹಾಕಿಕೊಂಡು ಹಿಂದೆಯೇ ಬಂದರು. ಇಬ್ಬರೂ ಗರಾಜಿನ ಮೂಲೆಯಲ್ಲಿ ನಿಂತು ನೀರು ಎಲ್ಲಿ ಹರಿಯುತ್ತದೆ ಎಂದು ನೋಡಿದೆವು.

"ಅಲ್ನೋಡೇ," ಎಂದರು ಅತ್ತೆ. "ಸೂರಿನ ಪೈಪಿಂದ ಬಿದ್ದಿದ್ದೆಲ್ಲ ಆ ಬಿರುಕಿನೊಳಗೇ ಇಳೀತಿದೆ. ಹೊರಗೆ ಬರ್ತಾನೇ ಇಲ್ಲ."

ಅವರು ಹೇಳಿದ್ದು ಸರಿಯಾಗಿತ್ತು. ಮಾಡಿನ ಮೇಲೆ ಬಿದ್ದ ಮಳೆಯೆಲ್ಲ ಒಂದೇ ಪೈಪಿನಲ್ಲಿ ಇಳಿದು ಡಾಂಬರಿನ ಅಂಚಿಗೆ ಸುರಿಯುತ್ತಿತ್ತು. ವರ್ಷಗಳಿಂದ ಆ ನೀರು ಕೆಳಗಿನ ಜಲ್ಲಿ ಮಣ್ಣನ್ನು ಕೊಚ್ಚಿಕೊಂಡು ಹೋಗಿತ್ತು. ಚಳಿಗಾಲದಲ್ಲಿ ಒಳಗೆ ನಿಂತ ನೀರು ಹೆಪ್ಪುಗಟ್ಟಿ ಉಬ್ಬಿ, ಬಿರುಕನ್ನು ಇನ್ನಷ್ಟು ಸೀಳಿತ್ತು. ಮೇಲೆ ಏನು ಹಚ್ಚಿದರೂ ಈ ರೋಗ ವಾಸಿಯಾಗುವಂಥದ್ದಲ್ಲ. ಸಂಜೆ ಊಟಕ್ಕೆ ಕೂತಾಗ ನನ್ನ ತೀರ್ಮಾನ ಹೇಳಿದೆ: ಈ ವರ್ಷ ಸೀಲ್ ಕೋಟ್ ಇಲ್ಲ. ಮೊದಲು ಪೈಪನ್ನು ಹುಲ್ಲಿನ ಕಡೆಗೆ ತಿರುಗಿಸಬೇಕು, ಟೊಳ್ಳಾದ ಮೂಲೆಯನ್ನು ಅಗೆದು ಜಲ್ಲಿ ತುಂಬಿ ಗುದ್ದಿ ದಮ್ಮಸು ಮಾಡಬೇಕು, ಬಿರುಕುಗಳನ್ನು ಮುಚ್ಚಬೇಕು. ಒಂದು ಚಳಿಗಾಲ ಹೇಗೆ ಕಳೆಯುತ್ತದೆ ನೋಡಿ ಮುಂದಿನದು.

"ಅವಳು ಹೇಳಿದ ಹಾಗೆ ಮಾಡು," ಎಂದರು ಅತ್ತೆ ಮಗನಿಗೆ. "ನಾನೇ ಕಣ್ಣಾರೆ ನೋಡ್ದೆ."

ಮೂಲೆಯನ್ನು ನಾವಿಬ್ಬರೇ ಎರಡು ವಾರಾಂತ್ಯದಲ್ಲಿ ಸರಿಮಾಡಿದೆವು. ಅವನು ಅಗೆದ, ನಾನು ಪದರ ಪದರವಾಗಿ ಜಲ್ಲಿ ಹಾಕಿ ಗುದ್ದಿದೆ. ಬಿರುಕಿನ ಹುಲ್ಲು ಕಿತ್ತು, ಧೂಳು ಊದಿ, ಒಣಗಿದ ಮೇಲೆ ತುಂಬಿದೆ. ನನ್ನ ಹಳೆಯ ಜೀನ್ಸಿಗೆ ಅಂಟಿದ ಕಪ್ಪು ಕಲೆ ಕೊನೆಗೂ ಹೋಗಲಿಲ್ಲ.

ಬೇಸಿಗೆಯ ಕೊನೆಯಲ್ಲಿ ಅಂಕಲ್ ವಾಕಿಂಗ್ ಮುಗಿಸಿ ಬಂದು ನಮ್ಮ ಮುಂದೆ ನಿಂತರು.

"ಏನಮ್ಮಾ, ಗೆರೆಗೆರೆ ಬಳಿದು ಹಾಗೇ ಬಿಟ್ಟಿದ್ದೀಯ? ನಾನು ಎವ್ರಿ ಇಯರ್ ತಪ್ಪದೆ ಸೀಲ್ ಕೋಟ್ ಮಾಡಿಸ್ತೀನಿ."

ಹಿರಿಯರಿಗೆ ಹೇಳುವುದು ಹೇಗೆ ಎಂದು ಒಂದು ಗಳಿಗೆ ಅಳುಕಿದೆ. ಆಮೇಲೆ ಅವರನ್ನು ಅವರದೇ ಡ್ರೈವ್‌ವೇಗೆ ಕರೆದುಕೊಂಡು ಹೋಗಿ, ಕಾರಿನ ಚಕ್ರ ತಿರುಗುವ ಜಾಗ ತೋರಿಸಿದೆ.

"ಅಂಕಲ್, ಹಳೇ ಕೋಟ್ ಸವೆಯೋಕ್ಕೆ ಮುಂಚೆ ಮತ್ತೆ ಮತ್ತೆ ಹಚ್ಚಿಸಿದ್ದೀರ. ಪದರ ದಪ್ಪ ಆಗಿ ಹಪ್ಪಳದ ಹಾಗೆ ಏಳ್ತಿದೆ ನೋಡಿ. ಮೂರು ನಾಲ್ಕು ವರ್ಷಕ್ಕೊಂದ್ಸಲ ಸಾಕು."

ಅವರು ಬಗ್ಗಿ ಒಂದು ಚೂರನ್ನು ಉಗುರಿನಿಂದ ಎಬ್ಬಿಸಿದರು. "ಅಂದ್ರೆ ಓವರ್‌ಡೋಸ್ ಆಗಿದೆ ಅಂತೀಯ?" ಎಂದು ಜೋರಾಗಿ ನಕ್ಕರು. "ಅಲ್ಲ, ಇದೆಲ್ಲ ನಿಂಗೆ ಹೇಗೆ ಗೊತ್ತು?"

"ನಾನು ಸಿವಿಲ್ ಇಂಜಿನಿಯರ್, ಅಂಕಲ್. ಡಾಂಬರು ಟೆಸ್ಟ್ ಮಾಡೋದೇ ನನ್ನ ಕೆಲಸ ಆಗಿತ್ತು."

"ಮತ್ತೆ ಇಷ್ಟು ದಿನ ಹೇಳೇ ಇಲ್ಲ?"

"ಯಾರೂ ಕೇಳಿರಲಿಲ್ಲ."

ಬೇಲಿಯ ಆಚೆ ಗಿಡಗಳಿಗೆ ನೀರು ಹಾಕುತ್ತಿದ್ದ ನನ್ನ ಗಂಡ ಕೇಳಿಸಿಕೊಂಡಿದ್ದ. ಒಳಗೆ ಬಂದ ಮೇಲೆ, "ನಾನೂ ಎಲ್ರಿಗೂ ಷೀ ಈಸ್ ಅಟ್ ಹೋಮ್ ಅಂತಾನೇ ಹೇಳ್ಕೊಂಡು ಬಂದೆ, ಅಲ್ವಾ?" ಎಂದ. ಹೌದು ಎಂದೆ. ಅವನು ಸಮಜಾಯಿಷಿ ಕೊಡಲು ಹೋಗಲಿಲ್ಲ. ಅದು ನನಗೆ ಇಷ್ಟವಾಯಿತು.

ಅತ್ತೆ ಊರಿಗೆ ಮರಳಿದರು, ಚಳಿಗಾಲ ಬಂತು. ಹಿಮ ಬಿತ್ತು, ಕರಗಿತು, ಮತ್ತೆ ಹೆಪ್ಪುಗಟ್ಟಿತು. ಮಾರ್ಚಿನಲ್ಲಿ ಹೊರಗೆ ಹೋಗಿ ಒಂದೊಂದೇ ಬಿರುಕನ್ನು ನೋಡಿದೆ. ಗರಾಜಿನ ಮೂಲೆ ಕಲ್ಲಿನ ಹಾಗೆ ನಿಂತಿತ್ತು. ಆದರೆ ರಸ್ತೆಯ ಬಳಿ ತುಂಬಿದ್ದ ಬಿರುಕು ಪೂರ್ತಿ ಬಾಯಿಬಿಟ್ಟಿತ್ತು. ಅದು ನೀರಿನ ಬಿರುಕು ಎಂದುಕೊಂಡಿದ್ದೆ. ಅಗೆದು ನೋಡಿದರೆ ಮೇಪಲ್ ಮರದ ಬೇರು ಕೆಳಗಿನಿಂದ ಎತ್ತುತ್ತಿತ್ತು. ಅಷ್ಟು ದೊಡ್ಡ ಮರ ಎದುರಿಗೇ ಇದ್ದರೂ ನನಗೆ ಹೊಳೆದಿರಲಿಲ್ಲ. ಅಲ್ಲಿ ನಾನು ಎಡವಿದೆ ಎಂದು ಗಂಡನಿಗೆ ಹೇಳಿದೆ. ಮರ ಕಡಿಸುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಅಲ್ಲಿ ಒಂದು ಉಬ್ಬು ಇರಲಿ ಎಂದು ಬಿಟ್ಟೆವು. ಈಗಲೂ ಕಾರು ಅಲ್ಲಿ ಒಮ್ಮೆ ಎಗರಿಯೇ ಒಳಗೆ ಬರುತ್ತದೆ.

ಮಿಕ್ಕ ಜಾಗದಲ್ಲೆಲ್ಲ ಒಂದು ಲೋಟ ನೀರು ಸುರಿದು ನೋಡಿದೆ. ನೀರು ಜಾರಿ ಹೋಗಲಿಲ್ಲ, ಡಾಂಬರು ಅದನ್ನು ಹೀರಿಕೊಂಡು ಕಪ್ಪಗಾಯಿತು. ಅಂಗೈಯಿಂದ ಉಜ್ಜಿದರೆ ಸಣ್ಣ ಮರಳು ಎದ್ದು ಬಂತು. ಅಡಿಪಾಯ ಗಟ್ಟಿಯಾಗಿದೆ, ಮೇಲ್ಮೈ ಒಣಗಿದೆ. ಈಗ ಸೀಲ್ ಕೋಟ್ ಮಾಡಬೇಕು ಎಂದೆ.

ಗಂಡ ಗಾಬರಿಯಾದ. ಒಂದು ವರ್ಷದಿಂದ ಅವನು ತನ್ನ ಸ್ನೇಹಿತರಿಗೆಲ್ಲ, ಆಲ್ಡಿ ಎಂಬ ಊರಿನಲ್ಲಿ ಹೊಸ ಮನೆ ಕೊಂಡವರನ್ನೂ ಸೇರಿಸಿ, ಸೀಲ್ ಕೋಟ್ ಶುದ್ಧ ದಂಡ ಎಂದು ಉಪದೇಶ ಮಾಡುತ್ತಾ ಬಂದಿದ್ದ.

"ಬೇಡ ಅಂದಿದ್ದು ನೀನೇ ಅಲ್ವಾ?"

"ಆಗ ಬೇಡ ಅಂದೆ. ಈಗ ಬೇಕು ಅಂತಿದ್ದೀನಿ. ಎರಡೂ ನೋಡೇ ಹೇಳಿದ್ದು."

ಸೆಪ್ಟೆಂಬರಿನಲ್ಲಿ ಮೂರು ದಿನ ಒಣ ಹವೆ ಇರುತ್ತದೆಂದು ಖಾತ್ರಿ ಮಾಡಿಕೊಂಡು ನಾವೇ ಕೆಲಸಕ್ಕೆ ಇಳಿದೆವು. ಎಣ್ಣೆ ಕಲೆಗಳನ್ನು ತಿಕ್ಕಿ ತೊಳೆದು ಒಣಗಿಸಿದ್ದಾಯಿತು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಗರಾಜಿನ ಕಡೆಯಿಂದ ಶುರುಮಾಡಿ, ರಬ್ಬರ್ ಅಂಚಿನ ಉದ್ದ ಕೋಲಿನಿಂದ ತೆಳ್ಳಗೆ ಎಳೆಯುತ್ತಾ ಇಳಿಜಾರಿನಲ್ಲಿ ಹಿಂದೆ ಹಿಂದೆ ಸರಿದೆವು. ಅವನು ದಪ್ಪಗೆ ಸುರಿಯುತ್ತಿದ್ದ, ನಾನು ಹಿಂದಿನಿಂದ ಬಂದು ತೆಳುಮಾಡುತ್ತಿದ್ದೆ. ಅಂಕಲ್ ಕುರ್ಚಿ ಹಾಕಿಕೊಂಡು ಕೂತು ಬಿಟ್ಟುಹೋದ ಜಾಗಗಳನ್ನು ಬೆರಳು ತೋರಿಸಿ ಹೇಳುತ್ತಿದ್ದರು.

"ಈ ಕೆಲಸಕ್ಕೆ ಯಾರಾದ್ರೂ ಸಂಬಳ ಕೊಡ್ತಾರಮ್ಮಾ," ಎಂದರು ನಡುವೆ. "ಅಪ್ಲೈ ಮಾಡಿದ್ಯಾ ಎಲ್ಲಾದ್ರೂ?"

ಇಲ್ಲ ಎಂದೆ. ಆದರೆ ಕೈ ತೊಳೆದುಕೊಂಡ ಆ ಮಧ್ಯಾಹ್ನವೇ ಲ್ಯಾಪ್‌ಟಾಪ್ ತೆರೆದು ಕೂತೆ. ರಸ್ತೆ ಸಾಮಗ್ರಿ ಪರೀಕ್ಷಿಸುವ ಲ್ಯಾಬುಗಳು ಇಲ್ಲೂ ಬೇಕಾದಷ್ಟಿದ್ದವು. ಎರಡು ಕಡೆಯಿಂದ ಉತ್ತರವೇ ಬರಲಿಲ್ಲ. ಮೂರನೆಯ ಕಡೆ ಸಂದರ್ಶನಕ್ಕೆ ಕರೆದರು. ಮಧ್ಯೆ ಕೆಲಸ ಬಿಟ್ಟ ವರ್ಷಗಳ ಬಗ್ಗೆ ಕೇಳಿಯೇ ಕೇಳಿದರು. ಮನೆಯಲ್ಲಿದ್ದೆ ಎಂದು ಸುತ್ತುಬಳಸದೆ ಹೇಳಿದೆ. ಆಮೇಲೆ ರಸ್ತೆಯಿಂದ ಕೊರೆದು ತಂದ ಒಂದು ಡಾಂಬರಿನ ತುಂಡನ್ನು ಕೈಗೆ ಕೊಟ್ಟು, ಏನನ್ನಿಸುತ್ತದೆ ಎಂದರು. ತಿರುಗಿಸಿ ನೋಡಿದೆ. ಎರಡು ಪದರಗಳ ನಡುವೆ ಸರಿಯಾಗಿ ಬೆಸುಗೆಯಾಗಿರಲಿಲ್ಲ. ಇದು ನಿಲ್ಲುವುದಿಲ್ಲ ಎಂದೆ.

ಮುಂದಿನ ತಿಂಗಳು ಕೆಲಸಕ್ಕೆ ಸೇರಿದೆ.